ತಂತಿ ಬೆಂಡ್ ಮಾಡಿದರೆ ಅಪಸ್ವರ ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ಅಕೌಸ್ಟಿಕ್ ಗಿಟಾರ್ ಕಲಿಯಲು ಶುರು ಮಾಡಿ ಒಂದೂವರೆ ವರ್ಷ ಆಯ್ತು. ಕಾರ್ಡ್‌ಗಳು ಚೆನ್ನಾಗಿ ಬರುತ್ತವೆ. ಆದರೆ ತಂತಿ ಬೆಂಡ್ ಮಾಡಿದರೆ, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸಿದರೆ, ಅಪಸ್ವರ, ಬೆರಳ ತುದಿಯೂ ಉರಿಯುತ್ತದೆ. ವೈಬ್ರಾಟೊ (ಸ್ವರವನ್ನು ಅಲುಗಿಸುವುದು) ಅಂತೂ ಚಳಿಗೆ ನಡುಗಿದ ಹಾಗೆ ಕೇಳುತ್ತದೆ. ನನ್ನ ಬೆರಳಿಗೆ ಬಲ ಸಾಲದಾ?
— ಓದುಗರೊಬ್ಬರು, ಹಾಸನ

ಉತ್ತರ: ಬಲದ ಮಾತು ಆಮೇಲೆ. ಮೊದಲು ನಿಮ್ಮ ಗಿಟಾರಿನ ತಂತಿ ನೋಡಿ. ಅಕೌಸ್ಟಿಕ್‌ಗೆ ಸಾಮಾನ್ಯವಾಗಿ ಹಾಕುವ ಸೆಟ್‌ನಲ್ಲಿ ಮೊದಲ ತಂತಿ 0.012 ಇಂಚು ದಪ್ಪ, ಮೂರನೆಯದು ಸುತ್ತು ಹಾಕಿದ ತಂತಿ. ಎಲೆಕ್ಟ್ರಿಕ್‌ನಲ್ಲಿ ಮೊದಲ ತಂತಿ 0.009 ಅಥವಾ 0.010 ಇಂಚು, ಮೂರನೆಯದು ಸಾದಾ. ಎಲೆಕ್ಟ್ರಿಕ್‌ನಲ್ಲಿ ಸಲೀಸಾಗಿ ಬರುವ ಬೆಂಡ್ ನಿಮಗೆ ಕಷ್ಟವಾದರೆ ತಪ್ಪು ಬೆರಳಿನದಲ್ಲ. ಮೊದಲ ತಂತಿ 0.010 ಅಥವಾ 0.011 ಇಂಚಿರುವ ಸೆಟ್ ಹಾಕಿಸಿ, ಎರಡನೇ ತಂತಿಯಲ್ಲಿ ಅಭ್ಯಾಸ ಶುರು ಮಾಡಿ.

ಇನ್ನು ಅಪಸ್ವರ. ಎರಡನೇ ತಂತಿಯ 10ನೇ ಫ್ರೆಟ್ (ಮೆಟ್ಟು) ಒತ್ತಿ ಮೀಟಿ. ಆ ಸ್ವರವನ್ನು ಬಾಯಲ್ಲಿ ಹಾಡಿ. ಈಗ 8ನೇ ಫ್ರೆಟ್ ಒತ್ತಿ, ಹಾಡಿದ ಸ್ವರ ಸಿಗುವ ತನಕ ತಂತಿಯನ್ನು ಮೇಲಕ್ಕೆ ತಳ್ಳಿ. ಹೆಚ್ಚಿನವರು ಮುಕ್ಕಾಲು ದಾರಿಯಲ್ಲೇ ನಿಂತುಬಿಡುತ್ತಾರೆ, ಅಪಸ್ವರ ಹುಟ್ಟುವುದು ಅಲ್ಲೇ. ವೀಣೆ ನುಡಿಸುವವರು ಒಂದೇ ಮೆಟ್ಟಿನ ಮೇಲೆ ತಂತಿ ಎಳೆದು ಮುಂದಿನ ಸ್ವರ ತರುವುದನ್ನು ನೋಡಿದ್ದೀರಲ್ವಾ? ಎಲ್ಲಿ ನಿಲ್ಲಬೇಕು ಅಂತ ಅವರಿಗೆ ಹೇಳುವುದು ಕಿವಿ. ಹತ್ತಿರ ಟ್ಯೂನರ್ (ಶ್ರುತಿ ತೋರಿಸುವ ಸಾಧನ) ಇದ್ದರೆ ಕೊನೆಗೊಮ್ಮೆ ನೋಡಿ, ಮೊದಲೇ ಬೇಡ.

ಬೆರಳುರಿಗೆ ಕಾರಣ, ಒಂದೇ ಬೆರಳಲ್ಲಿ ತಳ್ಳುವುದು. ಉಂಗುರದ ಬೆರಳು 8ನೇ ಫ್ರೆಟ್ ಮೇಲಿರಲಿ. ಅದರ ಹಿಂದೆ, ಅದೇ ತಂತಿಯ ಮೇಲೆ, ನಡು ಬೆರಳು ಮತ್ತು ತೋರು ಬೆರಳು ಆಸರೆಗಿರಲಿ. ಹೆಬ್ಬೆರಳು ಕುತ್ತಿಗೆಯ ಮೇಲಂಚಿಗೆ ಬರಲಿ, ತೋರು ಬೆರಳಿನ ಬುಡ ಕೆಳಗಿನ ಅಂಚಿಗೆ ಆನಲಿ. ಈಗ ಬೆರಳು ಬಗ್ಗಿಸಬೇಡಿ. ಬೀಗದಲ್ಲಿ ಕೀಲಿ ತಿರುಗಿಸುವ ಹಾಗೆ ಮಣಿಕಟ್ಟು ತಿರುಗಿಸಿ. ತಂತಿ ತಾನಾಗಿ ಬರುತ್ತದೆ.

ವೈಬ್ರಾಟೊಗೂ ಇದೇ ಮಣಿಕಟ್ಟು. ಅದು ಪುಟ್ಟ ಬೆಂಡ್ ಅಷ್ಟೇ, ಮತ್ತೆ ಮತ್ತೆ ಮಾಡುವುದು. ನಿಮ್ಮದು ನಡುಗಿದ ಹಾಗೆ ಕೇಳುವುದು ಅವಸರದಿಂದ. ಮೆಟ್ರೊನೋಮ್ (ಲಯಕ್ಕೆ ಬಡಿಯುವ ಸಾಧನ) ನಿಮಿಷಕ್ಕೆ 60 ಬಡಿತಕ್ಕೆ ಇಡಿ. ಬಡಿತಕ್ಕೊಂದು ಸಲ ತುಸು ಏರಿಸಿ, ಮೂಲ ಸ್ವರಕ್ಕೆ ಪೂರ್ತಿ ಇಳಿಯಿರಿ. ಹದವಾದ ಮೇಲೆ ಎರಡು, ಆಮೇಲೆ ನಾಲ್ಕು. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿಸುವುದೂ ಹೀಗೇ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರಿಗೆ ಸ್ಲೈಡ್ (ಬೆರಳಿಗೆ ಕೊಳವೆ ಹಾಕಿ ತಂತಿಯ ಮೇಲೆ ಜಾರಿಸುವುದು) ಕೈಗೆ ಹತ್ತಲಿಲ್ಲ, ಆ ದನಿ ಬೇಕೆಂದೇ ಕೈ ಅಲುಗಿಸುವುದನ್ನು ರೂಢಿಸಿಕೊಂಡೆ ಎಂದು ಅವರೇ ಹೇಳಿದ್ದಾರೆ. ಅವರ ಒಂದೊಂದು ಸ್ವರದಲ್ಲೂ ಏರಿಳಿತ ಎಷ್ಟು ಸಮ ಎಂದು ಕೇಳಿ ನೋಡಿ, ನನಗಂತೂ ಇಂದಿಗೂ ಅದೇ ಪಾಠ.

ಬೆಂಡ್ ಮಾಡಿದ ಸ್ವರಕ್ಕೆ ವೈಬ್ರಾಟೊ ಕೊಡುವುದು ಇನ್ನೂ ಕಷ್ಟ, ಅಲ್ಲಿ ತಂತಿಯನ್ನು ತುಸು ಸಡಿಲಿಸಿ ಮತ್ತೆ ಅದೇ ಎತ್ತರಕ್ಕೆ ತರಬೇಕು. ಎರಡು ತಿಂಗಳು ಅದನ್ನು ಮುಟ್ಟಬೇಡಿ.

ದಿನಕ್ಕೆ ಹತ್ತು ನಿಮಿಷ ಸಾಕು. ಬೆರಳ ತುದಿಯ ಉರಿ ಚರ್ಮ ಗಟ್ಟಿಯಾದಂತೆ ಹೋಗುತ್ತದೆ. ಮಣಿಕಟ್ಟು ನೋಯುತ್ತಿದ್ದರೆ ಮಾತ್ರ ಆ ದಿನ ಗಿಟಾರ್ ಕೆಳಗಿಡಿ.