ಯೂನಿವರ್ಸಿಟಿ ಮೇಲು, ಸ್ವಂತ ಜಿಮೇಲು: ಎರಡನ್ನೂ ಸಂಭಾಳಿಸೋದು ಹೇಗೆ?

ಪ್ರಶ್ನೆ: ಸರ್, ನಾನು ಪಿಎಚ್‌ಡಿ ಮಾಡ್ತಿದೀನಿ. ಯೂನಿವರ್ಸಿಟಿಯವ್ರು ಕೊಟ್ಟಿರೋ ಮೇಲ್ ಐಡಿ ಇದೆ, ಆದ್ರೆ ದಿನಾ ನೋಡೋದು ನನ್ನ ಸ್ವಂತ ಜಿಮೇಲ್ ಮಾತ್ರ. ಫೆಲೋಶಿಪ್‌ಗೆ ಡಾಕ್ಯುಮೆಂಟ್ ಕಳ್ಸಿ ಅಂತ ಬಂದಿದ್ದ ಮೇಲನ್ನ ಲಾಸ್ಟ್ ಡೇಟ್ ಮುಗಿದ್ಮೇಲೆ ನೋಡ್ದೆ. ಎರಡೂ ಒಂದೇ ಕಡೆ ಬರೋ ಹಾಗೆ ಮಾಡ್ಬಹುದಾ? ಸೀನಿಯರ್ ಒಬ್ರು ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಪಾಪ್ ಹಾಕ್ಕೋ ಅಂತಾರೆ, ನಂಗೆ ಆ ಆಪ್ಷನ್ನೇ ಕಾಣಿಸ್ತಿಲ್ಲ.

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಸುಳ್ಳಲ್ಲ, ಹಳೇದಾಯ್ತು ಅಷ್ಟೆ. ಮುಂಚೆ ಜಿಮೇಲೇ ಬೇರೆ ಅಕೌಂಟಿಗೆ ಹೋಗಿ ಅಲ್ಲಿರೋ ಮೇಲನ್ನೆಲ್ಲಾ ಎತ್ಕೊಂಡು ಬರ್ತಿತ್ತು (ಪಾಪ್ ಅಂದ್ರೆ ಇದೇ), ಆ ಸೌಲಭ್ಯ 2026ರಿಂದ ಇರಲ್ಲ ಅಂತ ಗೂಗಲ್ ಅನೌನ್ಸ್ ಮಾಡಿದೆ. ಹಾಗಾಗಿ ಅದನ್ನ ಹುಡುಕ್ತಾ ಕೂರ್ಬೇಡಿ.

ಸುಲಭದ ದಾರಿ ಫೋನಲ್ಲೇ ಇದೆ. ಜಿಮೇಲ್ ಆ್ಯಪಲ್ಲಿ ಮೇಲೆ ಮೂಲೇಲಿ ನಿಮ್ಮ ಫೋಟೋ ಇರತ್ತಲ್ಲ, ಅದನ್ನ ಒತ್ತಿ ಇನ್ನೊಂದು ಅಕೌಂಟ್ ಆ್ಯಡ್ ಮಾಡಿ, ಆಮೇಲೆ ಪಕ್ಕದ ಮೆನುವಿನಲ್ಲಿ ‘ಆಲ್ ಇನ್‌ಬಾಕ್ಸಸ್’ ಇಟ್ಕೊಂಡ್ರೆ ಎರಡೂ ಒಟ್ಟಿಗೇ ಕಾಣತ್ತೆ. ಮೇಲು ಅದರದರ ಡಬ್ಬೀಲೇ ಇರತ್ತೆ, ರಿಪ್ಲೈ ಮಾಡಿದ್ರೆ ಯಾವ ಐಡಿಗೆ ಬಂದಿತ್ತೋ ಅದರಿಂದ್ಲೇ ಹೋಗತ್ತೆ. ಬಹಳಷ್ಟು ಜನಕ್ಕೆ ಇಷ್ಟೇ ಸಾಕು.

ಇಲ್ಲ ಸರ್, ಕಂಪ್ಯೂಟರಲ್ಲೂ ಒಂದೇ ಕಡೆ ಬೇಕು ಅಂದ್ರೆ ಫಾರ್ವರ್ಡಿಂಗ್. ನಿಮ್ಮ ಯೂನಿವರ್ಸಿಟಿ ಮೇಲೂ ಗೂಗಲ್‌ದೇ ಆಗಿದ್ರೆ ಕಂಪ್ಯೂಟರಲ್ಲಿ ಅದಕ್ಕೆ ಲಾಗಿನ್ ಆಗಿ (ಫೋನ್ ಆ್ಯಪಲ್ಲಿ ಈ ಸೆಟ್ಟಿಂಗ್ ಸಿಗಲ್ಲ), ಸೆಟ್ಟಿಂಗ್ಸ್‌ನ ಫಾರ್ವರ್ಡಿಂಗ್ ಟ್ಯಾಬಲ್ಲಿ ನಿಮ್ಮ ಸ್ವಂತ ಐಡಿ ಕೊಡಿ, ಆ ಐಡಿಗೊಂದು ಕನ್ಫರ್ಮೇಷನ್ ಮೇಲ್ ಬರತ್ತೆ, ಅದನ್ನ ಒಪ್ಕೊಳ್ಳಿ. ಅಲ್ಲಿಗೆ ಮುಗೀತು ಅಂತ ಸುಮ್ಮನಾಗೋರೇ ಜಾಸ್ತಿ. ಮುಗಿದಿಲ್ಲ! ವಾಪಸ್ ಅದೇ ಟ್ಯಾಬಿಗೆ ಹೋಗಿ ‘ಕಾಪಿ ಫಾರ್ವರ್ಡ್ ಮಾಡು’ ಅನ್ನೋದನ್ನ ಆರಿಸಿ ಕೆಳಗಡೆ ಸೇವ್ ಚೇಂಜಸ್ ಒತ್ಬೇಕು. ಯೂನಿವರ್ಸಿಟಿ ಡಬ್ಬೀಲೂ ಒಂದು ಕಾಪಿ ಉಳಿಯೋ ಹಾಗೇ ಇಟ್ಕೊಳ್ಳಿ, ಡಿಲೀಟ್ ಆಪ್ಷನ್ ಬೇಡ. ಕೆಲವು ಕಡೆ ಅಡ್ಮಿನ್ ಫಾರ್ವರ್ಡಿಂಗನ್ನೇ ಬ್ಲಾಕ್ ಮಾಡಿರ್ತಾರೆ, ಆಗ ಅಡ್ಡದಾರಿ ಹುಡುಕದೆ ಆ್ಯಪಲ್ಲೇ ನೋಡಿ.

ಇನ್ನೆರಡು ವಿಷ್ಯ. ಒಂದು, ಸ್ಪ್ಯಾಮಿಗೆ ಬಿದ್ದ ಮೇಲು ಫಾರ್ವರ್ಡ್ ಆಗಲ್ಲ, ಅದಕ್ಕೇ ವಾರಕ್ಕೊಂದ್ಸಲನಾದ್ರೂ ಯೂನಿವರ್ಸಿಟಿ ಸ್ಪ್ಯಾಮ್ ಫೋಲ್ಡರ್ ಇಣುಕಿ ನೋಡಿ, ಕಾನ್ಫರೆನ್ಸ್ ಮೇಲುಗಳು ಅಲ್ಲಿ ಹೋಗಿ ಕೂತಿರ್ತವೆ. ಇನ್ನೊಂದು, ಫಾರ್ವರ್ಡ್ ಆಗಿ ಬಂದ ಮೇಲಿಗೆ ಹಾಗೇ ರಿಪ್ಲೈ ಒತ್ತಿದ್ರೆ ನಿಮ್ಮ ಸ್ವಂತ ಐಡಿಯಿಂದ ಹೋಗತ್ತೆ. ನಾನು ಹಿಂಗೇ ಒಂದ್ಸಲ, ಪಿಯುಸಿಲಿದ್ದಾಗ ಮಾಡ್ಕೊಂಡಿದ್ದ ‘ಕೂಲ್‌ಹುಡ್ಗ’ ಅಂತ ಶುರುವಾಗೋ ಐಡಿಯಿಂದ ಗೈಡಿಗೆ ಥೀಸಿಸ್ ಚಾಪ್ಟರ್ ಕಳ್ಸಿಬಿಟ್ಟಿದ್ದೆ. ಅವ್ರು ಮೇಲಲ್ಲಿ ಏನೂ ಅನ್ಲಿಲ್ಲ, ಮಾರನೇ ದಿನ ರೂಮಿಗೆ ಹೋದ್ರೆ ‘ಬಾರಪ್ಪ ಕೂಲ್ ಹುಡ್ಗ, ಕೂತ್ಕೋ’ ಅಂದ್ರು. ಅವತ್ತೇ ಹೊಸ ಐಡಿ ಮಾಡ್ಕೊಂಡೆ.

ಪ್ರಶ್ನೆ: ನಮಸ್ಕಾರ್ರೀ. ನಮ್ಮ ಕೋರ್ಸ್ ಜೂನ್‌ನ್ಯಾಗ ಮುಗೀತೈತ್ರೀ. ಆಮ್ಯಾಲೆ ಕಾಲೇಜ್ ಮೇಲ್ ಬಂದ್ ಮಾಡ್ತಾರಂತ. ಪ್ರಾಜೆಕ್ಟ್ ಫೈಲ್, ಹಳೇ ಮೇಲ್ ಎಲ್ಲಾ ಅದರಾಗ ಅದಾವು. ಏನ್ ಮಾಡ್ಬೇಕ್ರೀ?

ಉತ್ತರ: ಗೂಗಲ್ ಅಕೌಂಟ್ ಆಗಿದ್ರೆ, ವಿದ್ಯಾರ್ಥಿಗಳಿಗೆ ಅಂತಾನೇ ‘ಟ್ರಾನ್ಸ್‌ಫರ್ ಯುವರ್ ಕಂಟೆಂಟ್’ ಅಂತ ಒಂದು ಸೌಲಭ್ಯ ಇದೆ, ಅಡ್ಮಿನ್ ಆಫ್ ಮಾಡಿರದಿದ್ರೆ ಮೇಲು ಮತ್ತೆ ಡ್ರೈವ್ ಫೈಲುಗಳ ಕಾಪಿ ನಿಮ್ಮ ಸ್ವಂತ ಅಕೌಂಟಿಗೆ ಹೋಗತ್ತೆ. ಆದ್ರೆ ಮೊದ್ಲು ಜಾಗ ಇದೆಯಾ ನೋಡ್ಕೊಳ್ಳಿ. ಫ್ರೀ ಅಕೌಂಟಿಗೆ 15 ಜಿಬಿ, ಅದ್ರಲ್ಲೇ ಮೇಲು, ಡ್ರೈವ್, ಫೋಟೋ ಎಲ್ಲಾ ಸೇರ್ತು, ಆಂಡ್ರಾಯ್ಡ್ ಆಗಿದ್ರೆ ವಾಟ್ಸಾಪ್ ಬ್ಯಾಕಪ್ಪೂ ಅದ್ರೊಳಗೇ, ಅಕ್ಕನ ಮದುವೆ ವಿಡಿಯೋನೇ ಅರ್ಧ ಜಾಗ ತಿಂದಿರತ್ತೆ.

ಫೈಲಿಗಿಂತ ಜಾಸ್ತಿ ತಲೆನೋವು ಲಾಗಿನ್‌ಗಳದ್ದು. ಲಿಂಕ್ಡ್‌ಇನ್, ಗಿಟ್‌ಹಬ್, ಆರ್ಕಿಡ್ (ಸಂಶೋಧಕರಿಗೆ ಐಡಿ ನಂಬರ್ ಕೊಡೋ ORCID ಸೈಟು), ಯಾವ್ದೋ ಜಾಬ್ ಪೋರ್ಟಲ್, ಹೀಗೆ ಎಲ್ಲೆಲ್ಲಿ ಕಾಲೇಜ್ ಐಡಿ ಕೊಟ್ಟಿದೀರೋ ಅಲ್ಲೆಲ್ಲಾ ಪಾಸ್‌ವರ್ಡ್ ಮರೆತ್ರೆ ರೀಸೆಟ್ ಲಿಂಕ್ ಹೋಗೋದು ಮುಚ್ಚಿಹೋದ ಡಬ್ಬಿಗೆ. ಎಲ್ಲೆಲ್ಲಿ ಕೊಟ್ಟಿದೀನಿ ಅಂತ ನೆನಪಿರಲ್ವಲ್ಲ, ಅದಕ್ಕೆ ಕಾಲೇಜ್ ಮೇಲಿನ ಸರ್ಚಲ್ಲಿ ‘ವೆಲ್‌ಕಮ್’, ‘ವೆರಿಫೈ’ ಅನ್ನೋ ಪದಗಳನ್ನ ಇಂಗ್ಲಿಷಲ್ಲಿ ಹಾಕಿ ಹುಡುಕಿ, ಸೈನ್ ಅಪ್ ಆದಾಗ ಬಂದ ಮೇಲುಗಳು ಸಾಲಾಗಿ ಎದ್ದು ಬರ್ತವೆ. ಒಂದೊಂದಕ್ಕೂ ಹೋಗಿ ಸ್ವಂತ ಐಡಿ ಸೇರ್ಸಿ. ಒಂದು ಭಾನುವಾರದ ಕೆಲಸ, ಮೇ ತಿಂಗಳಲ್ಲೇ ಮುಗಿಸ್ಕೊಳ್ರೀ. ಕೊನೇ ಕೆಲವು ವಾರ ವೆಕೇಷನ್ ರೆಸ್ಪಾಂಡರ್ ಆನ್ ಮಾಡಿ ‘ಇನ್ಮುಂದೆ ನನ್ನ ವಿಳಾಸ ಇದು’ ಅಂತ ಹಾಕಿಟ್ರೆ ಬರೆದೋರಿಗೆಲ್ಲಾ ತಾನಾಗೇ ತಿಳಿಯತ್ತೆ.

ಪ್ರಶ್ನೆ: 40 ಎಂಬಿ ಥೀಸಿಸ್ ಮೇಲಲ್ಲಿ ಹೋಗ್ತಿಲ್ಲ, ಯಾಕೆ?

ಉತ್ತರ: ಜಿಮೇಲಲ್ಲಿ ಅಟ್ಯಾಚ್‌ಮೆಂಟಿಗೆ 25 ಎಂಬಿ ಮಿತಿ, ಅದಕ್ಕಿಂತ ದೊಡ್ಡದಾದ್ರೆ ಡ್ರೈವ್ ಲಿಂಕ್ ಆಗಿ ಕಳ್ಸಬೇಕು. ಕಳ್ಸೋ ಮುಂಚೆ ಪರ್ಮಿಷನ್ ನೋಡಿ, ಇಲ್ಲಾಂದ್ರೆ ಎಕ್ಸಾಮಿನರ್ ರಾತ್ರಿ ಹನ್ನೊಂದಕ್ಕೆ ಆಕ್ಸೆಸ್ ಕೇಳಿರ್ತಾರೆ, ನೀವು ಬೆಳಗ್ಗೆ ಎದ್ದು ನೋಡ್ತೀರ. ಲಿಂಕ್ ನಿಮ್ಮ ಸ್ವಂತ ಡ್ರೈವಿಂದು ಇರ್ಲಿ, ಯೂನಿವರ್ಸಿಟಿದು ಆದ್ರೆ ಅಕೌಂಟ್ ಡಿಲೀಟ್ ಆದ ದಿನ ಫೈಲೂ ಹೋಗತ್ತೆ.