ಇನ್ನೊಂದು ಸರ್ಟಿಫಿಕೇಟ್ ಬೇಡ, ಒಂದು ಪುಟದ ಲಾಗ್ ಓದಲು ಕಲಿಯಿರಿ

ಮುಧೋಳ, ಸಿಂದಗಿ, ಚಿಕ್ಕೋಡಿ, ಹುನಗುಂದ. ಈ ಅಂಕಣಕ್ಕೆ ಬರುವ ಪತ್ರದ ಮೇಲಿನ ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ: ಯಾವ ಕೋರ್ಸ್ ಮಾಡಿದರೆ ಸೈಬರ್ ಭದ್ರತೆಯಲ್ಲಿ ಕೆಲಸ ಸಿಗುತ್ತದೆ? ಹತ್ತು ವರ್ಷಗಳಿಂದ ಈ ಕ್ಷೇತ್ರದಲ್ಲಿ ಹೊಸಬರನ್ನು ಸಂದರ್ಶನ ಮಾಡಿ ತೆಗೆದುಕೊಳ್ಳುತ್ತಿರುವ ನನಗೆ ಈ ಪ್ರಶ್ನೆ ಕೇಳಿದಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಅದರ ಹಿಂದೆ ಯಾರದೋ ಮನೆಯ ಸಾಲ ಇರುತ್ತದೆ. ಈ ಸಲ ಒಂದೇ ಪತ್ರಕ್ಕೆ ಹೆಚ್ಚಿನ ಜಾಗ ಕೊಡುತ್ತೇನೆ. ಐಪಿ ವಿಳಾಸ ಎಂದರೇನು, ಫೈರ್‌ವಾಲ್ ಎಂದರೇನು ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಅದು ನಿಮ್ಮ ಪಠ್ಯಪುಸ್ತಕದಲ್ಲೇ ಇದೆ, ಓದಿಕೊಂಡು ಬನ್ನಿ.

ಪ್ರಶ್ನೆ: ಬಾಗಲಕೋಟೆಯಲ್ಲಿ ಬಿ.ಇ. ಮುಗಿಸಿ ಒಂದೂವರೆ ವರ್ಷವಾಯಿತು. ಸಾಲ ಮಾಡಿ ಒಂದು ತರಬೇತಿ ಸಂಸ್ಥೆಗೆ ಸೇರಿ ಎಥಿಕಲ್ ಹ್ಯಾಕಿಂಗ್ ಕಲಿತೆ, ಸಿಇಎಚ್ (ಸರ್ಟಿಫೈಡ್ ಎಥಿಕಲ್ ಹ್ಯಾಕರ್) ಪರೀಕ್ಷೆಯೂ ಪಾಸಾಯಿತು. ಇನ್ನೂರಕ್ಕೂ ಹೆಚ್ಚು ಅರ್ಜಿ ಹಾಕಿದ್ದೇನೆ. ಬಂದದ್ದು ಎರಡೇ ಕರೆ, ಎರಡರಲ್ಲೂ ಮೊದಲ ಸುತ್ತಿನಲ್ಲೇ ಹೊರಬಿದ್ದೆ. ಈಗ ಸಂಸ್ಥೆಯವರು ಸಿಐಎಸ್‌ಎಸ್‌ಪಿ ಎಂಬ ಮೇಲಿನ ಹಂತದ ಭದ್ರತಾ ಸರ್ಟಿಫಿಕೇಟ್‌ನ ತರಬೇತಿ ತೆಗೆದುಕೊಂಡರೆ ಕೆಲಸ ಖಚಿತ ಎನ್ನುತ್ತಿದ್ದಾರೆ. ಅಪ್ಪ ಹೊಲದ ಮೇಲೆ ಮತ್ತೊಮ್ಮೆ ಸಾಲ ತೆಗೆಯಲು ಒಪ್ಪಿದ್ದಾರೆ. ಮಾಡಲೇ?

ಬೇಡ. ಹೊಲದ ಉತಾರ ಮನೆಯ ಟ್ರಂಕಿನಲ್ಲೇ ಇರಲಿ.

ನಿಮಗೆ ಸಿಐಎಸ್‌ಎಸ್‌ಪಿ ಮಾರಲು ಹೊರಟವರು ಒಂದು ಮಾತನ್ನು ಮುಚ್ಚಿಟ್ಟಿದ್ದಾರೆ. ಆ ಅರ್ಹತೆ ಪೂರ್ತಿಯಾಗಿ ಕೈಗೆ ಬರಬೇಕಾದರೆ ಈ ಕ್ಷೇತ್ರದಲ್ಲಿ ಸಂಬಳ ಪಡೆದು ದುಡಿದ ಐದು ವರ್ಷಗಳ ಅನುಭವ ಬೇಕು. ತಕ್ಕ ಪದವಿಯಿದ್ದರೆ ಒಂದು ವರ್ಷದ ರಿಯಾಯಿತಿ ಸಿಗಬಹುದು, ಅಷ್ಟೇ. ಒಂದು ದಿನವೂ ಕೆಲಸ ಮಾಡದವನಿಗೆ ಅದನ್ನು ಮಾರುವುದು ಹಗಲುದರೋಡೆ. ‘ನೂರಕ್ಕೆ ನೂರು ಉದ್ಯೋಗ ಖಾತರಿ’ ಎಂದು ಬಸ್ ನಿಲ್ದಾಣದ ಗೋಡೆಗೆ ಹಚ್ಚಿದ ಚೀಟಿ ಕಂಡರೆ ಆ ಸಂಸ್ಥೆಯ ಮೆಟ್ಟಿಲನ್ನೂ ತುಳಿಯಬೇಡಿ. ಕೆಲಸ ಕೊಡುವುದು ಕಂಪನಿ. ಅದರ ಪರವಾಗಿ ಮಾತು ಕೊಡಲು ಕಲಿಸುವವನು ಯಾರು?

ಸಿಇಎಚ್ ಮಾಡಿದ್ದು ತಪ್ಪಲ್ಲ. ಆದರೆ ಅದು ನಾಲ್ಕು ಗಂಟೆಯಲ್ಲಿ 125 ಪ್ರಶ್ನೆಗಳಿಗೆ ಸರಿ ಉತ್ತರ ಗುರುತಿಸುವ ಪರೀಕ್ಷೆ. ಅದು ಬಯೋಡೇಟಾದಲ್ಲಿ ಒಂದು ಸಾಲು ತುಂಬುತ್ತದೆ. ನಾನು ಕೇಳುವುದು ಆ ಸಾಲಿನ ಆಚೆಯದನ್ನು.

ನನ್ನ ಸಂದರ್ಶನ ಹೇಗಿರುತ್ತದೆ ಎಂದು ಬಿಡಿಸಿ ಹೇಳುತ್ತೇನೆ. ಹೊಸಬರಿಗೆ ಮೊದಲು ಸಿಗುವ ಕೆಲಸ ಹೆಚ್ಚಾಗಿ ‘ಸಾಕ್’ ಎಂದು ಕರೆಯುವ ಭದ್ರತಾ ನಿಗಾ ಕೇಂದ್ರದಲ್ಲಿ. ಅಲ್ಲಿ ಯಾರೂ ಹ್ಯಾಕ್ ಮಾಡುವುದಿಲ್ಲ. ಪರದೆಯ ಮೇಲೆ ಒಂದರ ಹಿಂದೊಂದು ಬೀಳುವ ಎಚ್ಚರಿಕೆಗಳಲ್ಲಿ ಯಾವುದು ಸುಳ್ಳು, ಯಾವುದು ನಿಜ ಎಂದು ಹೆಕ್ಕಿ ಮೇಲಿನವರಿಗೆ ತಿಳಿಸುವುದೇ ಕೆಲಸ. ಹಾಗಾಗಿ ನಾನು ಅಭ್ಯರ್ಥಿಯ ಮುಂದೆ ಒಂದೇ ಒಂದು ಕಾಗದ ಇಡುತ್ತೇನೆ. ಅದು ವಿಂಡೋಸ್ ಯಂತ್ರದ ಲಾಗ್, ಎಂದರೆ ಯಂತ್ರದಲ್ಲಿ ನಡೆದದ್ದು ಸಮಯದ ಸಮೇತ ತಾನಾಗಿ ದಾಖಲಾದ ಪಟ್ಟಿ. ಒಂದೊಂದು ಬಗೆಯ ಘಟನೆಗೂ ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. ಎರಡು ನಿಮಿಷದೊಳಗೆ 4625 ಎಂಬ ಸಂಖ್ಯೆ ನಲವತ್ತು ಸಲ, ಎಂದರೆ ನಲವತ್ತು ಸಲ ಲಾಗಿನ್ ವಿಫಲವಾಗಿದೆ. ಆಮೇಲೆ ಒಂದು 4624, ಒಳಗೆ ಹೊಕ್ಕಿದ್ದಾನೆ. ಲಾಗಾನ್ ಬಗೆ 10, ಎಂದರೆ ಇನ್ನೊಂದು ಯಂತ್ರದಲ್ಲಿ ಕೂತು ರಿಮೋಟ್ ಡೆಸ್ಕ್‌ಟಾಪ್ ಮೂಲಕ. ಕೆಲವೇ ಕ್ಷಣಗಳಲ್ಲಿ 4720, ಹೊಸ ಖಾತೆ ಹುಟ್ಟಿದೆ. ಕೊನೆಗೆ 4732, ಆ ಖಾತೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಗುಂಪಿಗೆ ಸೇರಿದೆ. ಸಮಯ 20:40, ಅದರ ಕೊನೆಗೆ ಯುಟಿಸಿ, ಎಂದರೆ ವಿಶ್ವ ಪ್ರಮಾಣ ಸಮಯ, ಎಂದಿದೆ. ಬಳಕೆದಾರರು ಲೆಕ್ಕಪತ್ರ ವಿಭಾಗದ ಸಿಬ್ಬಂದಿ. ಮೂಲ ಐಪಿ ವಿಳಾಸ 10ರಿಂದ ಆರಂಭವಾಗುತ್ತದೆ.

ಒಮ್ಮೆ ಒಂದೇ ದಿನ ಮೂವರು ಬಂದಿದ್ದರು. ಮೂರು ಸರ್ಟಿಫಿಕೇಟ್ ಇದ್ದವರು ಬ್ರೂಟ್ ಫೋರ್ಸ್, ಎಂದರೆ ಪಾಸ್‌ವರ್ಡ್ ಊಹಿಸುತ್ತಲೇ ಹೋಗುವ ದಾಳಿಯ ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸಿದರು. ‘ಈಗ ಏನು ಮಾಡುತ್ತೀರಿ?’ ಎಂದು ಕೇಳಿದಾಗ ಮೌನ. ಎರಡನೆಯವರು ‘ಆ ವಿದೇಶಿ ಐಪಿಯನ್ನು ಎನ್‌ಮ್ಯಾಪ್ ಎಂಬ ಸಾಧನದಿಂದ ಸ್ಕ್ಯಾನ್ ಮಾಡಿ ತಿರುಗಿಸಿ ಹೊಡೆಯುತ್ತೇನೆ’ ಎಂದರು. 10ರಿಂದ ಆರಂಭವಾಗುವ ವಿಳಾಸ ವಿದೇಶದ್ದಲ್ಲ, ಒಳಜಾಲದ್ದು ಎಂಬುದು ಅವರಿಗೆ ಹೊಳೆಯಲಿಲ್ಲ. ಇಬ್ಬರೂ 20:40 ಎಂದರೆ ರಾತ್ರಿ ಎಂಟೂ ನಲವತ್ತು ಎಂದೇ ಓದಿದ್ದರು.

ಮೂರನೆಯವಳು ಇಂಡಿ ತಾಲ್ಲೂಕಿನ ಹಳ್ಳಿಯ ಹುಡುಗಿ. ಡಿಪ್ಲೊಮಾ ಮುಗಿಸಿ ಒಂದು ವರ್ಷ ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದವಳು. ಆಕೆಯ ಬೆರಳು ನೇರವಾಗಿ ಸಮಯದ ಮೇಲೆ ಹೋಯಿತು. ‘ಇದು ಯುಟಿಸಿ ಸರ್, ಐದೂವರೆ ಗಂಟೆ ಕೂಡಿಸಿದರೆ ನಮ್ಮಲ್ಲಿ ನಸುಕಿನ 2:10. ಲೆಕ್ಕಪತ್ರದವರು ಆ ಹೊತ್ತಿಗೆ ಕೆಲಸ ಮಾಡುವುದಿಲ್ಲ, ಮಾರ್ಚ್ ಕೊನೆಯಾಗಿದ್ದರೆ ಮಾತ್ರ ಇರಬಹುದು. ಮೊದಲು ಅವರಿಗೆ ಫೋನ್ ಮಾಡಿ ಕೇಳುತ್ತೇನೆ. ನಾನಲ್ಲ ಎಂದರೆ ಯಂತ್ರವನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸುತ್ತೇನೆ, ಆದರೆ ಆಫ್ ಮಾಡುವುದಿಲ್ಲ, ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. ಇದು ಒಳಗಿನ ವಿಳಾಸ, ಹಾಗಾದರೆ ಆ ಇನ್ನೊಂದು ಯಂತ್ರವನ್ನೂ ನೋಡಬೇಕು.’ ಕೊನೆಗೆ ಇನ್ನೊಂದು ಮಾತು ಸೇರಿಸಿದಳು: ‘4732 ಎಂದರೆ ನನಗೆ ಗೊತ್ತಿಲ್ಲ, ಹುಡುಕಿ ಹೇಳುತ್ತೇನೆ.’ ಆಕೆಯನ್ನು ತೆಗೆದುಕೊಂಡೆವು.

ಆಕೆಗೆ ಗೊತ್ತಿದ್ದುದು ಹ್ಯಾಕಿಂಗ್ ಅಲ್ಲ, ಕಚೇರಿ. ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾವ ಯಂತ್ರದಲ್ಲಿ ಯಾರು ಕೂರುತ್ತಾರೆ, ವರ್ಷದ ಕೊನೆಯಲ್ಲಿ ಏನು ನಡೆಯುತ್ತದೆ ಎಂದು ಒಂದು ವರ್ಷ ಕಣ್ಣಾರೆ ಕಂಡಿದ್ದಳು. ದಿನವೂ ನಡೆಯುವುದು ಏನೆಂದು ಬಲ್ಲವರಿಗೆ ಮಾತ್ರ ನಡೆಯಬಾರದ್ದು ಕಣ್ಣಿಗೆ ಬೀಳುತ್ತದೆ. ನೀವು ಒಂದೂವರೆ ವರ್ಷ ಮನೆಯಲ್ಲಿ ಕುಳಿತು ಅರ್ಜಿ ಹಾಕಿದ್ದೀರಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ. ಜಿಲ್ಲೆಯಲ್ಲಿ ನಗರ ಸಹಕಾರಿ ಬ್ಯಾಂಕುಗಳಿವೆ, ಸಕ್ಕರೆ ಕಾರ್ಖಾನೆಗಳಿವೆ, ದೊಡ್ಡ ಆಸ್ಪತ್ರೆಗಳಿವೆ. ನಗರ ಸಹಕಾರಿ ಬ್ಯಾಂಕುಗಳಿಗೆಂದೇ ರಿಸರ್ವ್ ಬ್ಯಾಂಕ್ 2018ರ ಅಕ್ಟೋಬರ್‌ನಲ್ಲಿ ಮೂಲ ಸೈಬರ್ ಭದ್ರತಾ ಚೌಕಟ್ಟನ್ನು ಹೊರಡಿಸಿತು. 2019ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ ನಿಯಮ ಬಿಗಿ ಮಾಡಿತು. ಆ ನಿಯಮ ಪಾಲಿಸಲು ಯಂತ್ರಗಳ ಪಟ್ಟಿ ಮಾಡುವವರು, ಅಪ್‌ಡೇಟ್ ಹಾಕುವವರು, ಕೆಲಸ ಬಿಟ್ಟುಹೋದ ನೌಕರನ ಖಾತೆ ಮುಚ್ಚುವವರು ಬೇಕು. ಸಂಬಳ ಕಡಿಮೆ, ಹುದ್ದೆಯ ಹೆಸರಿನಲ್ಲಿ ಸೈಬರ್ ಎಂಬ ಪದವೂ ಇರುವುದಿಲ್ಲ. ಆದರೂ ಸೇರಿ. ಒಂದು ವರ್ಷದ ಹೆಲ್ಪ್‌ಡೆಸ್ಕ್ ಕೆಲಸವನ್ನು ನಾನು ಎರಡು ಸರ್ಟಿಫಿಕೇಟ್‌ಗಳಿಗಿಂತ ಮೇಲೆ ಇಡುತ್ತೇನೆ.

ಸಂಜೆಯ ಹೊತ್ತು ಮನೆಯಲ್ಲಿ ಮಾಡಬೇಕಾದ್ದು ಬೇರೆ ಇದೆ. 8 ಜಿಬಿಯ ಹಳೆಯ ಲ್ಯಾಪ್‌ಟಾಪ್ ಸಾಕು. ಒಂದೇ ಲ್ಯಾಪ್‌ಟಾಪಿನೊಳಗೆ ಹಲವು ಯಂತ್ರ ನಡೆಸಲು ಬಿಡುವ ವರ್ಚುವಲ್‌ಬಾಕ್ಸ್ ಹಾಕಿ ಎರಡು ಉಬುಂಟು (ಲಿನಕ್ಸ್) ಯಂತ್ರ ಎಬ್ಬಿಸಿ, ಹೊರಗಿನ ಜಾಲಕ್ಕೆ ಸೇರದಂತೆ ಹೋಸ್ಟ್-ಓನ್ಲಿ ನೆಟ್‌ವರ್ಕ್‌ನಲ್ಲಿ ಇಡಿ. ಒಂದರಿಂದ ಇನ್ನೊಂದಕ್ಕೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಡುತ್ತ ಹೋಗಿ, ಕೊನೆಗೆ ಸರಿಯಾದದ್ದು ಕೊಟ್ಟು ಒಳಹೊಕ್ಕು ಹೊಸ ಖಾತೆ ತೆರೆಯಿರಿ. ಈಗ ದಾಳಿಕೋರನ ಕುರ್ಚಿಯಿಂದ ಎದ್ದು ಕಾವಲುಗಾರನ ಕುರ್ಚಿಗೆ ಬನ್ನಿ. ದಾಳಿಗೆ ಗುರಿಯಾದ ಯಂತ್ರದಲ್ಲಿ ಲಾಗಿನ್‌ಗಳು ದಾಖಲಾಗುವ ಆಥ್ ಲಾಗ್ ತೆರೆದು, ಮಾಡಿದ್ದೆಲ್ಲ ಅಲ್ಲಿ ಹೇಗೆ ದಾಖಲಾಗಿದೆ ಎಂದು ಸಾಲು ಸಾಲಾಗಿ ಓದಿ. ಓದಿದ್ದನ್ನು ಒಂದು ಪುಟದಲ್ಲಿ ಬರೆಯಿರಿ: ಯಾವಾಗ, ಯಾವ ಯಂತ್ರ, ಯಾರ ಖಾತೆ, ಏನಾಯಿತು, ಏನು ಮಾಡಬೇಕು, ನಿಮಗೆ ಏನು ಇನ್ನೂ ತಿಳಿದಿಲ್ಲ. ಅದು ಕೈಗೆ ಹತ್ತಿದ ಮೇಲೆ ವಿಂಡೋಸ್‌ನಲ್ಲಿ ಸಿಸ್‌ಮಾನ್ ಹಾಕಿ ಅದರ ಲಾಗ್ ಹೀಗೇ ಓದಿ, ಅದು ಯಂತ್ರದಲ್ಲಿ ಯಾವ ತಂತ್ರಾಂಶ ಏನು ಮಾಡಿತು ಎಂದು ದಾಖಲಿಸುವ, ಮೈಕ್ರೋಸಾಫ್ಟ್ ಕೊಡುವ ಉಚಿತ ಸಾಧನ. ಜಾಲದಲ್ಲಿ ಹರಿಯುವ ಮಾಹಿತಿ ತೋರಿಸುವ ವೈರ್‌ಶಾರ್ಕ್ ತೆರೆದು ನಿಮ್ಮದೇ ಲ್ಯಾಪ್‌ಟಾಪ್ ಒಂದು ಜಾಲತಾಣ ತೆರೆಯುವ ಮೊದಲು, ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ ಏನು ಕೇಳುತ್ತದೆ ಎಂದು ನೋಡಿ.

ಇಂಥ ಐದು ವರದಿ ಬಯೋಡೇಟಾದ ಜೊತೆಗಿದ್ದರೆ ನಾನಂತೂ ಕೂತು ಓದುತ್ತೇನೆ. ಬರವಣಿಗೆಗೆ ಇಷ್ಟೇಕೆ ಒತ್ತು ಎಂದರೆ, ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸಂಸ್ಥೆ ವರದಿ ಮಾಡಬೇಕು. ನಸುಕಿನ 2:10ಕ್ಕೆ ಪಾಳಿಯಲ್ಲಿದ್ದ ಹೊಸಬ ಬರೆದ ಐದು ಸಾಲಿನ ಮೇಲೆಯೇ ಬೆಳಗಿನ ಆ ವರದಿ ನಿಲ್ಲುತ್ತದೆ. ಗೀಚಿದ್ದು ಅರ್ಥವಾಗದಿದ್ದರೆ ಆರು ಗಂಟೆಯಲ್ಲಿ ಎರಡು ಅಲ್ಲೇ ಹಾಳಾಗುತ್ತವೆ.

ಸಂಬಳ ಬರತೊಡಗಿದ ಮೇಲೆ, ಸ್ವಂತ ದುಡ್ಡಿನಲ್ಲಿ, ಸೆಕ್ಯುರಿಟಿ ಪ್ಲಸ್ ಎಂಬ ಆರಂಭಿಕ ಹಂತದ ಪರೀಕ್ಷೆ ಬರೆಯಬಹುದು. ಆಮೇಲೂ ದಾಳಿಯ ಕಡೆಯ ಕೆಲಸವೇ ಬೇಕೆನಿಸಿದರೆ ಓಎಸ್‌ಸಿಪಿ ಎಂಬ ಪರೀಕ್ಷೆ ಇದೆ. ಅದರಲ್ಲೂ ಸುಮಾರು ಒಂದು ದಿನ ಯಂತ್ರಗಳನ್ನು ಭೇದಿಸಿದ ಮೇಲೆ ವರದಿ ಬರೆದು ಒಪ್ಪಿಸಲೇಬೇಕು.

ಪ್ರಶ್ನೆ: ತರಬೇತಿ ಸಂಸ್ಥೆಯವರೇ ಎರಡು ವರ್ಷದ ಅನುಭವ ಪತ್ರ ಮಾಡಿಸಿಕೊಡುತ್ತಾರಂತೆ. ಎಲ್ಲರೂ ಹೀಗೇ ಮಾಡುತ್ತಾರೆ ಎನ್ನುತ್ತಾರೆ. (ಗೋಕಾಕ)

ಎಲ್ಲರೂ ಮಾಡುವುದಿಲ್ಲ. ಭದ್ರತಾ ವಿಭಾಗಕ್ಕೆ ಸೇರುವವರ ಹಿನ್ನೆಲೆ ಪರಿಶೀಲನೆ ಬೇರೆ ವಿಭಾಗಕ್ಕಿಂತ ಬಿಗಿಯಾಗಿರುತ್ತದೆ. ಭವಿಷ್ಯ ನಿಧಿ ಖಾತೆಯಲ್ಲಿ ಆ ಎರಡು ವರ್ಷದ ಕಂತು ಎಲ್ಲಿ ಎಂದು ಕೇಳಿದ ಕೂಡಲೇ ಸುಳ್ಳು ಬಯಲಾಗುತ್ತದೆ. ಸೇರಿ ಎಂಟು ತಿಂಗಳಾದ ಮೇಲೆ ಹೀಗೆ ಸಿಕ್ಕಿಬಿದ್ದ ಹುಡುಗನನ್ನು ಅದೇ ದಿನ ಹೊರಗೆ ಕಳಿಸಿದ್ದೇನೆ. ಕೆಲಸದಲ್ಲಿ ಅವನು ಚುರುಕಾಗಿದ್ದ. ಆ ಸಂಜೆ ನನಗೆ ಊಟ ಸೇರಲಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ಜಾಲತಾಣದಲ್ಲಿ ದೋಷವಿದೆ ಅನ್ನಿಸುತ್ತದೆ. ಪರೀಕ್ಷಿಸಿ ತೋರಿಸಿದರೆ ಬಯೋಡೇಟಾಕ್ಕೆ ಬಲ ಬರುತ್ತದೆಯೇ? (ವಿಜಯಪುರ)

ಲಿಖಿತ ಅನುಮತಿ ಇಲ್ಲದೆ ಮುಟ್ಟಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಕಲಿಯಲು ಮಾಡಿದೆ’ ಎಂಬ ಮಾತಿಗೆ ಠಾಣೆಯಲ್ಲಿ ಬೆಲೆ ಸಿಗುತ್ತದೆ ಎಂದು ನಂಬಿ ಕೂರಬೇಡಿ. ಕೈ ತುರಿಸುತ್ತಿದ್ದರೆ ಡಿವಿಡಬ್ಲ್ಯೂಎ ಎಂಬ, ದಾಳಿ ಅಭ್ಯಾಸಕ್ಕೆಂದೇ ದೋಷವಿಟ್ಟು ಕಟ್ಟಿದ ತಂತ್ರಾಂಶವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಹಾಕಿಕೊಳ್ಳಿ. ಪೋರ್ಟ್‌ಸ್ವಿಗರ್ ಸಂಸ್ಥೆಯ ವೆಬ್ ಭದ್ರತಾ ಪಾಠಗಳೂ ಪ್ರಯೋಗಗಳೂ ಉಚಿತವಾಗಿವೆ.

ಪ್ರಶ್ನೆ: ಹೆಂಡತಿಯ ವಾಟ್ಸ್ಆ್ಯಪ್ ನೋಡುವುದು ಹೇಗೆ?

ಅದು ಅಪರಾಧ. ಈ ಅಂಕಣಕ್ಕೆ ಮತ್ತೆ ಬರೆಯಬೇಡಿ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಮಾತಿಗೆ ಹೆದರಿ ಸಂದರ್ಶನಕ್ಕೇ ಹೋಗುತ್ತಿಲ್ಲ. (ರಾಮದುರ್ಗ)

ನಾನೂ ಕನ್ನಡ ಶಾಲೆಯಲ್ಲೇ ಓದಿದವನು. ಇಂಗ್ಲಿಷ್ ಬೇಕಾಗುತ್ತದೆ, ಬೇಡ ಎಂದು ಸುಳ್ಳು ಹೇಳಲಾರೆ. ಆದರೆ ಬೇಕಾದದ್ದು ಭಾಷಣದ ಇಂಗ್ಲಿಷ್ ಅಲ್ಲ, ಸಣ್ಣ ಸಣ್ಣ ವಾಕ್ಯ. ಮೇಲೆ ಹೇಳಿದ ಒಂದು ಪುಟದ ವರದಿಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ವಿಷಯ ತಲೆಯಲ್ಲಿ ಹದವಾಗಿ ಕುಳಿತ ಮೇಲೆ ಇಂಗ್ಲಿಷಿನಲ್ಲಿ ಬರೆದು ಗಟ್ಟಿಯಾಗಿ ಓದಿ. ಇಪ್ಪತ್ತು ವರದಿ ಆಗುವಷ್ಟರಲ್ಲಿ ಈ ಕೆಲಸಕ್ಕೆ ಬೇಕಾದ ಪದಗಳೆಲ್ಲ ನಾಲಿಗೆಗೆ ಬಂದಿರುತ್ತವೆ. ಸಂದರ್ಶನದಲ್ಲಿ ತಡವರಿಸಿದರೆ ಯಾರೂ ಕೈಬಿಡುವುದಿಲ್ಲ, ಲಾಗ್ ಓದಲು ಬಾರದಿದ್ದರೆ ಬಿಡುತ್ತಾರೆ.

ಪ್ರಶ್ನೆ: ಕೃತಕ ಬುದ್ಧಿಮತ್ತೆ ಈ ಕೆಲಸಗಳನ್ನೆಲ್ಲ ನುಂಗುತ್ತದಂತೆ?

ಸುಲಭದ ಎಚ್ಚರಿಕೆಗಳನ್ನು ತಂತ್ರಾಂಶವೇ ಹೆಕ್ಕತೊಡಗಿದೆ. ಹಾಗಾಗಿ ಮೊದಲ ದಿನವೇ ನಿಮಗೆ ಹೆಚ್ಚು ತಿಳಿದಿರಬೇಕು, ಅಷ್ಟೇ.

ಪ್ರಶ್ನೆ: ಥಾಯ್ಲೆಂಡ್‌ನಲ್ಲಿ ಸೈಬರ್ ಕೆಲಸ, ತಿಂಗಳಿಗೆ ಲಕ್ಷ ಸಂಬಳ, ಸಂದರ್ಶನ ಟೆಲಿಗ್ರಾಂನಲ್ಲೇ ಮುಗಿಯಿತು. ಟಿಕೆಟ್ ಅವರೇ ಕಳಿಸುತ್ತಾರೆ. (ಮುದ್ದೇಬಿಹಾಳ)

ಹೋಗಬೇಡಿ. ಇಂಥ ಮಾತು ನಂಬಿ ಹೋದ ಭಾರತದ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಾಡಿಯ ಆವರಣಗಳಲ್ಲಿ ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್ ವಂಚನೆಗೆ ದುಡಿಸಿದ್ದಾರೆ. ಕಾಂಬೋಡಿಯಾದಲ್ಲೂ ಇದೇ ಆಗಿದೆ. ನಮ್ಮ ವಿದೇಶಾಂಗ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಸಿದೆ. ಏಜೆಂಟರ ಹೆಸರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯೇ ನೋಡಿ. ಈಗಾಗಲೇ ಹಣ ಕೊಟ್ಟಿದ್ದರೆ ಇಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಠಾಣೆಗೆ ಹೋಗಿ ದೂರು ಕೊಡಿ. ಮನೆಯವರಿಗೆ ಹೇಳಲು ನಾಚಿಕೆಪಡಬೇಡಿ.

ಪ್ರಶ್ನೆ: ಮಗಳಿಗೆ ಬೆಂಗಳೂರಿನಲ್ಲಿ ಸಾಕ್ ಕೆಲಸ ಸಿಕ್ಕಿದೆ. ರಾತ್ರಿ ಪಾಳಿ ಇದೆಯಂತೆ. ಹಗಲು ಪಾಳಿ ಮಾತ್ರ ಕೇಳಿ ಪಡೆಯಬಹುದೇ? (ಅಥಣಿಯ ತಂದೆಯೊಬ್ಬರು)

ಮೊದಲ ವರ್ಷ ಸಿಗುವುದು ಕಷ್ಟ. ನಿಗಾ ಕೇಂದ್ರ ಇಪ್ಪತ್ನಾಲ್ಕು ಗಂಟೆಯೂ ನಡೆಯುತ್ತದೆ, ಎಲ್ಲರಿಗೂ ಸರದಿ ಬರುತ್ತದೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ನನ್ನ ಮನೆಯಲ್ಲೂ ಮಗಳಿದ್ದಾಳೆ. ಸೇರುವ ಮೊದಲು ಕಂಪನಿಗೆ ಇಮೇಲ್ ಬರೆಸಿ: ರಾತ್ರಿ ಪಾಳಿಗೆ ವಾಹನ ವಸತಿಯ ಬಾಗಿಲಿನವರೆಗೂ ಬರುತ್ತದೆಯೇ, ವಾಹನದಲ್ಲಿ ಕಾವಲು ಸಿಬ್ಬಂದಿ ಇರುತ್ತಾರೆಯೇ, ತಿಂಗಳಿಗೆ ಎಷ್ಟು ರಾತ್ರಿ, ಪಾಳಿ ಬದಲಾಗುವಾಗ ನಡುವೆ ಎಷ್ಟು ಬಿಡುವು. ಉತ್ತರ ಫೋನಿನಲ್ಲಿ ಬೇಡ, ಬರಹದಲ್ಲಿ ಬರಲಿ. ಅದು ಬಂದ ಮೇಲೆ ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿ, ಆಕೆ ಏನು ಹೇಳುತ್ತಾಳೆ ಕೇಳಿ.