ತೋಟ ನಿಮ್ಮದು, ಬಾಣೆ ಒಕ್ಕದ್ದು: ಉಯಿಲು ಸಾಕೇ, ಟ್ರಸ್ಟ್ ಬೇಕೇ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 72 ವರ್ಷ. ಗೋಣಿಕೊಪ್ಪ ಹತ್ತಿರ 1989ರಲ್ಲಿ ಕ್ರಯಕ್ಕೆ ತೆಗೆದುಕೊಂಡ 8 ಎಕರೆ ರೊಬಸ್ಟಾ ಕಾಫಿ ತೋಟ ಇದೆ. ಒಕ್ಕದ, ಅಂದರೆ ನಮ್ಮ ಕೊಡವ ಮನೆತನದ, ಜಮ್ಮಾ ಬಾಣೆಯಲ್ಲಿ (ವಂಶಪಾರಂಪರ್ಯವಾಗಿ ಬಂದ ಜಮೀನಿನಲ್ಲಿ) 3 ಎಕರೆ ನಮ್ಮ ಅನುಭವದಲ್ಲಿದೆ. ಹೆಂಡತಿ ಇದ್ದಾರೆ. ದೊಡ್ಡ ಮಗ ಬೆಂಗಳೂರಿನಲ್ಲಿ, ಮಗಳು ಮದುವೆಯಾಗಿ ಮೈಸೂರಿನಲ್ಲಿ. ಚಿಕ್ಕವನಿಗೆ 34. ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕಡಿಮೆ, ನಮ್ಮ ಜೊತೆಗೇ ಇದ್ದಾನೆ. ಉಯಿಲು ಬೇಡ, ಈಗಲೇ 'ಲಿವಿಂಗ್ ಟ್ರಸ್ಟ್' ಮಾಡಿ ಎಂದು ಅಮೆರಿಕದಲ್ಲಿರುವ ಸೋದರಳಿಯ ಹೇಳುತ್ತಾನೆ. ಏನು ಮಾಡಲಿ?

ಉತ್ತರ: ಮೊದಲು ಬಾಣೆ ವಿಷಯ. ನಿಮ್ಮದಲ್ಲದ್ದನ್ನು ಉಯಿಲಿನಲ್ಲಿ ಬರೆದರೆ ಆ ಭಾಗ ನಿಲ್ಲುವುದಿಲ್ಲ. ಬಾಣೆಯ ಪಹಣಿ ತೆಗೆಸಿ, ಮಾಲೀಕರ ಹೆಸರಿರುವ 9ನೇ ಕಾಲಂ ನೋಡಿ. ತೀರಿಕೊಂಡು ಎಷ್ಟೋ ವರ್ಷ ಆದ ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರು ಅಲ್ಲಿ ಇನ್ನೂ ಹಾಗೇ ಇರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. 3 ಎಕರೆ ನಿಮ್ಮ ಅನುಭವದಲ್ಲಿದೆ ಎಂದ ಮಾತ್ರಕ್ಕೆ ಅದು ನಿಮ್ಮೊಬ್ಬರ ಆಸ್ತಿ ಆಗುವುದಿಲ್ಲ. "ಬಾಣೆಯಲ್ಲಿ ನನಗಿರುವ ಹಕ್ಕು" ಎಂದಷ್ಟೇ ಬರೆಯಿರಿ. ಮಗಳನ್ನೂ ಮರೆಯಬೇಡಿ. ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಕ್ರಯದ 8 ಎಕರೆ ನಿಮ್ಮ ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಏನೂ ಬರೆಯದೆ ಹೋದರೆ ಹೆಂಡತಿ ಮತ್ತು ಮೂರು ಮಕ್ಕಳಿಗೆ ಸಮಪಾಲು. ಕೇಳುವುದಕ್ಕೆ ನ್ಯಾಯವಾಗೇ ಇದೆ, ಅಲ್ವಾ? ಆದರೆ ಚಿಕ್ಕವನ ಪಾಲಿಗೆ ಸಹಿ ಹಾಕುವವರು ಯಾರು? 18 ತುಂಬಿದ ಮೇಲೆ ತಂದೆ ತಾಯಿಯೂ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ತೋಟದ ಮೇಲೆ ಸಾಲ ಎತ್ತುವುದು, ಮಾರುವುದು, ಪಾಲು ಮಾಡುವುದು ಎಲ್ಲವೂ ಅಲ್ಲೇ ನಿಂತುಬಿಡುತ್ತದೆ. ನನಗೆ ಚಿಂತೆ ಇರುವುದು ಇದೊಂದರದ್ದೇ.

ಇನ್ನು ಸೋದರಳಿಯನ ಮಾತು. ಅಮೆರಿಕದಲ್ಲಿ ಉಯಿಲು ಪ್ರೊಬೇಟ್ (ಉಯಿಲು ಅಸಲಿ ಎಂದು ದೃಢಪಡಿಸುವ) ಕೋರ್ಟ್‌ಗೆ ಹೋಗಬೇಕಾಗುತ್ತದೆ, ಅದರ ಖರ್ಚು ಮತ್ತು ಓಡಾಟ ಜಾಸ್ತಿ. ಅದನ್ನು ತಪ್ಪಿಸಲು ಅಲ್ಲಿನವರು ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟ್‌ಗೆ ಹಾಕುತ್ತಾರೆ. ಕೊಡಗಿನ ಜಮೀನಿಗೆ ಇಲ್ಲೇ ಬರೆದ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಅಲ್ಲ. ಹಾಗಿರುವಾಗ ಟ್ರಸ್ಟ್ ಪತ್ರ ನೋಂದಾಯಿಸಿ, ಮುದ್ರಾಂಕ ಶುಲ್ಕ ಕಟ್ಟಿ, ಪಹಣಿ ಬದಲಾಯಿಸಿ, ಟ್ರಸ್ಟ್ ಹೆಸರಿನಲ್ಲಿ ಬೇರೆ ಪ್ಯಾನ್ ಮಾಡಿಸಿ ಲೆಕ್ಕ ಇಡುವ ಕೆಲಸವನ್ನು ಈ ವಯಸ್ಸಿನಲ್ಲಿ ಸುಮ್ನೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ?

ಟ್ರಸ್ಟ್ ಬೇಕು. ಆದರೆ ಅದು ಉಯಿಲಿನ ಒಳಗೇ ಇರಲಿ. 1882ರ ಟ್ರಸ್ಟ್ ಕಾಯ್ದೆ ಇದಕ್ಕೆ ಅವಕಾಶ ಕೊಡುತ್ತದೆ. ಉಯಿಲಿಗೆ ಮುದ್ರಾಂಕ ಶುಲ್ಕವೂ ಇಲ್ಲ. ನಿಮ್ಮ ಕಾಲದ ನಂತರ ಇಷ್ಟು ಎಕರೆ ಟ್ರಸ್ಟಿಗಳ ಕೈಯಲ್ಲಿರಬೇಕು, ಅದರ ಕಾಫಿ, ಕರಿಮೆಣಸಿನ ಆದಾಯ ಚಿಕ್ಕವನ ಊಟ, ಔಷಧಿ, ನೋಡಿಕೊಳ್ಳುವವರ ಸಂಬಳಕ್ಕೆ ಹೋಗಬೇಕು, ಅವನ ನಂತರ ಆಸ್ತಿ ಯಾರಿಗೆ ಸೇರಬೇಕು ಎಂದು ಬಿಡಿಸಿ ಬರೆಯಿರಿ. ಟ್ರಸ್ಟಿಗಳು ಇಬ್ಬರಿರಲಿ. ಒಬ್ಬರು ಮಗಳೋ ದೊಡ್ಡ ಮಗನೋ, ಇನ್ನೊಬ್ಬರು ಲೆಕ್ಕ ಕೇಳುವ ಧೈರ್ಯ ಇರುವ ಹೊರಗಿನವರು. ಅವರಿಗೆ ಆಗದೆ ಹೋದರೆ ಮುಂದೆ ಯಾರು ಎನ್ನುವುದೂ ಬೇಕು.

ಇದರ ಜೊತೆಗೇ ಮಡಿಕೇರಿಯಲ್ಲಿ ಇನ್ನೊಂದು ಕೆಲಸ ಇದೆ. ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರ ಪ್ರಕಾರ ಬುದ್ಧಿಮಾಂದ್ಯರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ. ನೀವು ಗಟ್ಟಿಯಾಗಿರುವಾಗಲೇ ಅರ್ಜಿ ಹಾಕಿ. ದುಡ್ಡು ನೋಡಿಕೊಳ್ಳುವುದು ಟ್ರಸ್ಟಿ, ಹುಡುಗನನ್ನು ನೋಡಿಕೊಳ್ಳುವುದು ಪೋಷಕರು. ಎರಡೂ ಬೇರೆ ಬೇರೆ.

ಉಳಿದ ಎಕರೆಗಳನ್ನು ಹಂಚುವಾಗ ಸರ್ವೆ ನಂಬರ್ ಬರೆದು ನಿಲ್ಲಿಸಬೇಡಿ. ಒಂದು ಮನೆಯ ಉಯಿಲಿನಲ್ಲಿ ಕೆರೆ ಅಣ್ಣನ ಪಾಲಿಗೆ ಬಂದಿತ್ತು. ತಮ್ಮನ ಪಾಲಿನ ತೋಟಕ್ಕೆ ನೀರಿನ ಮಾತೇ ಇರಲಿಲ್ಲ. ಮಾರ್ಚ್ ಬಂತು, ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕಬೇಕು, ಅಣ್ಣ ಪಂಪ್‌ಹೌಸಿಗೆ ಬೀಗ ಹಾಕಿದ. ಆ ವರ್ಷ ತಮ್ಮನ ಗಿಡಗಳಲ್ಲಿ ಮೊಗ್ಗು ಮೊಗ್ಗಾಗಿಯೇ ಒಣಗಿತು. ಹಾಗಾಗಿ ಕೆರೆ ನೀರು, ಪೈಪ್‌ಲೈನ್ ಹೋಗುವ ದಾರಿ, ಕಣ, ಲೈನ್ ಮನೆ (ಕಾರ್ಮಿಕರ ಸಾಲು ಮನೆ), ಜೀಪ್ ದಾರಿ ಎಲ್ಲವನ್ನೂ ಯಾರಿಗೆ ಎಷ್ಟು ಎಂದು ಬರೆಯಿರಿ.

ಬಿಳಿ ಹಾಳೆಯಲ್ಲಿ ಬರೆದರೂ ಉಯಿಲು ಉಯಿಲೇ. ನೀವು ಸಹಿ ಹಾಕುವುದನ್ನು ಕಣ್ಣಾರೆ ನೋಡಿದ ಇಬ್ಬರು ನಿಮ್ಮೆದುರೇ ಸಾಕ್ಷಿ ಸಹಿ ಹಾಕಬೇಕು. ನಿಮ್ಮ ವಯಸ್ಸಿನ ಗೆಳೆಯರು ಬೇಡ. ನಾಳೆ ತಕರಾರು ಬಂದರೆ ಸಾಕ್ಷಿ ಕೋರ್ಟ್‌ಗೆ ಬರಬೇಕು, 40ರ ಆಸುಪಾಸಿನವರಾದರೆ ಒಳ್ಳೆಯದು. ಪಾಲು ಪಡೆಯುವವರೂ ಸಾಕ್ಷಿ ಹಾಕುವುದು ಬೇಡ. ನೋಂದಣಿ ಕಡ್ಡಾಯ ಅಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿ. ಅದೇ ದಿನ ಡಾಕ್ಟರ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಮನಸ್ಸು ಬದಲಾದರೆ ಮತ್ತೆ ಬರೆಯಬಹುದು, ಕೊನೆಯದ್ದೇ ನಿಲ್ಲುತ್ತದೆ. ಬ್ಯಾಂಕ್, ಎಲ್‌ಐಸಿಯಲ್ಲಿರುವ ನಾಮಿನಿ ಹೆಸರುಗಳೂ ಉಯಿಲಿಗೆ ಹೊಂದುವಂತಿರಲಿ. ಸಾಮಾನ್ಯವಾಗಿ ನಾಮಿನಿ ಹಣ ಪಡೆದು ವಾರಸುದಾರರಿಗೆ ಕೊಡಬೇಕಾದವರು, ಮಾಲೀಕರಲ್ಲ.

ಟ್ರಸ್ಟಿ ಆಗಲೇಬೇಕೆಂದು ಯಾರನ್ನೂ ಕಾನೂನು ಒತ್ತಾಯ ಮಾಡುವುದಿಲ್ಲ. ಪುತ್ತರಿ ಹಬ್ಬಕ್ಕೆ ಮಕ್ಕಳು ಮನೆಗೆ ಬರುತ್ತಾರಲ್ಲ, ಆಗ ಇಬ್ಬರನ್ನೂ ಕೂರಿಸಿಕೊಂಡು ನೇರವಾಗಿ ಕೇಳಿ. ಚಿಕ್ಕವನೂ ಪಕ್ಕದಲ್ಲೇ ಇರಲಿ. ಯಾರು ಒಪ್ಪುತ್ತಾರೋ ಅವರ ಹೆಸರನ್ನೇ ಬರೆಯಿರಿ.